ಯಾವ ನೆಲದಿಂದ

ಮಾರ್ಚ್ 4, ಸೋಮವಾರ. ಸಂಜೆ

ಹಾಲು ಉಕ್ಕಿಸಿದೆ, ಮತ್ತೆ. ಒಲೆ ಒರೆಸಿ, ತಳದಲ್ಲಿ ಉಳಿದಷ್ಟರಲ್ಲಿ ಕಾಫಿ ಮಾಡಿ ಕುಡಿದು ಹೊರಟಾಗ ಆಫೀಸಿಗೆ ತಡ. ಯಾರೂ ಕೇಳಲಿಲ್ಲ. ಕೇಳುವವರಿಲ್ಲದಿದ್ದರೆ ತಡವಾಗಿ ಹೋಗುವುದರಲ್ಲಿ ಏನೂ ಮಜಾ ಇಲ್ಲ.

ಹೊಸ ಬಾವಿಯ ಲಾಗ್ ಬಂದಿತ್ತು. ಕೇಬಲಣ್ಣ ಕಳಿಸಿದ್ದು. ಉಪಕರಣಗಳನ್ನು ಕೇಬಲಿಗೆ ಕಟ್ಟಿ ಬಾವಿಯೊಳಗೆ ಇಳಿಸಿ, ಮೇಲೆ ಎಳೆಯುತ್ತಾ ಅಳೆಯುವವನು ಅವನು. ಅವನ ನಿಜವಾದ ಹೆಸರು ಆಫೀಸಿನಲ್ಲಿ ಯಾರಿಗೂ ನೆನಪಿಲ್ಲ. ಅವನು ಕಳಿಸಿದ ಗೆರೆಗಳನ್ನು ನೋಡಿ ಕೆಳಗೆ ಯಾವ ಕಲ್ಲಿದೆ, ಕಲ್ಲಿನೊಳಗೆ ಏನಿದೆ ಎಂದು ಹೇಳುವವನು ನಾನು. ಕಲ್ಲನ್ನು ಇಬ್ಬರೂ ಕಂಡವರಲ್ಲ. ತಲೆ ನರೆಯುವ ತನಕ ಇದೇ ಕಸುಬು — ಕಾಣದ್ದರ ಬಗ್ಗೆ ಧೈರ್ಯವಾಗಿ ಮಾತಾಡುವುದು.

ಸಾಹೇಬರು ನನ್ನ ಕುರ್ಚಿಯ ಹಿಂದೆ ನಿಂತೇ ನೋಡಿದರು. ನಾನೂರು ಮೀಟರಿನ ಕೆಳಗೆ ಎಲ್ಲಿ ನೋಡಿದರೂ ಕರೆಂಟು ಸರಾಗವಾಗಿ ಹರಿಯುತ್ತಿದೆ. ಜೇಡಿ, ಅದರ ಕೆಳಗೆ ಉಪ್ಪುನೀರು ತುಂಬಿದ ಮರಳುಗಲ್ಲು. ಮುಚ್ಚಿಸೋಣ ಎಂದರು. ಮುಂದಿನ ಶುಕ್ರವಾರ ಸಿಮೆಂಟಿನ ಲಾರಿ ಬರುತ್ತದೆ, ಅಷ್ಟರಲ್ಲಿ ವರದಿ ಕೊಡಬೇಕು.

ಸರಿ ಎಂದೆ. ಆಮೇಲೆ ಲಾಗಿನ ತಲೆಬರಹ ಓದಿದೆ. ಊರಿನ ಹೆಸರು... ಮಗಳ ಊರು.

ಈಗ ನನ್ನ ಹೆಂಡತಿಯೂ ಇರುವ ಊರು. ಮಗಳ ಹೆರಿಗೆಗೆಂದು ಹೋದವಳು. ಮಗು ಈಗ ಮನೆಯೆಲ್ಲ ಓಡಾಡುತ್ತದೆ. ಇವಳು ಇನ್ನೂ ಬಂದಿಲ್ಲ.

ಮಾರ್ಚ್ 5, ಮಂಗಳವಾರ. ಸಂಜೆ

ಅವಳ ಫೋನ್. ಊಟ ಆಯಿತಾ, ಮಾತ್ರೆ ತಗೊಂಡಿರಾ, ಗ್ಯಾಸ್ ಆರಿಸಿದ್ದೀರಾ. ಈ ಮೂರು ಮುಗಿದ ಮೇಲೆ ದೂರುಗಳು. ಇವತ್ತು ನೀರಿನ ಸರದಿ. ನಲ್ಲಿಯಲ್ಲಿ ಉಪ್ಪುನೀರು. ಕಾಳು ಎಷ್ಟು ಬೇಯಿಸಿದರೂ ಕಲ್ಲು. ಸೋಪು ನೊರೆ ಬರುವುದಿಲ್ಲ. ಕೂದಲೆಲ್ಲ ಬಾಚಣಿಗೆಗೇ ಬರುತ್ತಿದೆ. ಅದು ಸಾಲದು ಅಂತ ಮನೆ ಹಿಂದಿನ ಮೈದಾನದಲ್ಲಿ ಬೋರು ಕೊರೆಯುವ ಗದ್ದಲ, ಪುಟ್ಟಿ ಮಧ್ಯಾಹ್ನ ಕಣ್ಣು ಮುಚ್ಚುವುದಿಲ್ಲ. ಪುಟ್ಟಿ ಎಂದರೆ ಮೊಮ್ಮಗಳು.

"ಏನು ಕೊರೀತಾರೋ, ಏನು ಸಿಗತ್ತೋ. ನಿಮ್ಮಂಥೋರು ಯಾರೋ ಕೂತ್ಕೊಂಡು ಹೇಳ್ಬೇಕು," ಅಂದಳು.

ಆ ನಿಮ್ಮಂಥೋರು ನಾನೇ ಎಂದು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಹೇಳಿದರೆ, ನೀರಿದೆಯಾ ಇಲ್ಲವಾ ಎಂದು ಕೇಳುತ್ತಾಳೆ. ಇಲ್ಲ ಎನ್ನಬೇಕಾಗುತ್ತದೆ. ಯಾವಾಗ ಬರ್ತೀಯಾ ಎಂದು ಕೇಳಿದೆ. ನೋಡೋಣ ಅಂದಳು.

ಇನ್ನೊಂದು ಬರೆದುಬಿಡುತ್ತೇನೆ, ಹೇಗೂ ಓದುವವರಿಲ್ಲ. ಕಾಳು ಬೇಯುವುದಿಲ್ಲ ಅಂದಾಗ ನನಗೆ ಒಳಗೊಳಗೇ ಖುಷಿಯಾಯಿತು. ನಮ್ಮ ಮನೆಯ ನಲ್ಲಿಯಲ್ಲಿ ಬರುವುದು ಸಿಹಿನೀರು. ಎಷ್ಟು ದಿನ ತಡೆದಾಳು?

ಮಾರ್ಚ್ 7, ಗುರುವಾರ. ಆಫೀಸಿನಲ್ಲಿ, ಊಟದ ಹೊತ್ತು

ವರದಿ ಅರ್ಧಕ್ಕೆ ಬಂದಿತ್ತು. ಒಂದು ಕಡೆ ಕಣ್ಣು ಸಿಕ್ಕಿಹಾಕಿಕೊಂಡಿತು. ನಾನೂರ ಹನ್ನೆರಡು ಮೀಟರಿನ ಹತ್ತಿರ. ಕರೆಂಟಿಗೆ ತಡೆಯಾದಲ್ಲಿ ಏರುವ ಗೆರೆಯಲ್ಲಿ ಸಣ್ಣ ಉಬ್ಬು, ಸೊಳ್ಳೆ ಕಚ್ಚಿದಷ್ಟು. ಜೇಡಿ ಇದ್ದಲ್ಲಿ ಏರಿ ಮರಳು ಇದ್ದಲ್ಲಿ ಇಳಿಯುವ ಗಾಮಾ ಗೆರೆಯೂ ಅಲ್ಲೇ ಕೊಂಚ ಇಳಿದಿದೆ.

ನಮ್ಮ ಉದ್ದನೆಯ ಟೂಲಿನ ಗುಣ ನನಗೆ ಗೊತ್ತಿಲ್ಲದ್ದಲ್ಲ. ದೂರದವರೆಗೆ ಕೇಳಿಸಿಕೊಳ್ಳುತ್ತದೆ, ಆದರೆ ಒಬ್ಬರ ಮಾತನ್ನು ಅಕ್ಕಪಕ್ಕದವರ ಮಾತಿನ ಜೊತೆ ಕಲಸಿ ಹೇಳುತ್ತದೆ. ತೆಳ್ಳಗಿನ ಪದರವೊಂದು ಬೇರೆ ಏನೋ ಹೇಳುತ್ತಿದ್ದರೆ ಮೇಲಿನ ಜೇಡಿ, ಕೆಳಗಿನ ಜೇಡಿ ಸೇರಿ ಅದರ ಬಾಯಿ ಮುಚ್ಚಿಸುತ್ತವೆ. ಗೆರೆಯಲ್ಲಿ ಉಳಿಯುವುದು ಇಷ್ಟೇ.

ಗಿಡ್ಡ ಟೂಲು ಹತ್ತಿರದ್ದನ್ನು ಮಾತ್ರ ನೋಡುತ್ತದೆ, ಆದರೆ ಬಿಡಿಬಿಡಿಯಾಗಿ ನೋಡುತ್ತದೆ. ಅದರ ಗೆರೆ ತೆರೆದೆ. ಅದೇ ಜಾಗದಲ್ಲಿ ಚೂಪಾಗಿ ಎದ್ದು ನಿಂತಿತ್ತು.

ಸ್ಕ್ರೀನ್ ಮುಚ್ಚಿ ಕ್ಯಾಂಟೀನಿಗೆ ಹೋದೆ. ಹಸಿವಿರಲಿಲ್ಲ.

ಮಾರ್ಚ್ 8, ಶುಕ್ರವಾರ. ಸಂಜೆ, ಎಲ್ಲರೂ ಹೋದ ಮೇಲೆ

ಇಡೀ ದಿನ ಸುಳ್ಳು ಭೂಮಿ ಕಟ್ಟಿದೆ. ಮಾಡೆಲ್ ಅನ್ನುವುದಕ್ಕೆ ನಾನು ಇಟ್ಟ ಹೆಸರು ಅದು. ಕಂಪ್ಯೂಟರಿನಲ್ಲಿ ಒಂದು ಭೂಮಿ — ಇಷ್ಟು ದಪ್ಪ ಜೇಡಿ, ಇಷ್ಟು ಮರಳುಗಲ್ಲು, ಅದರೊಳಗೆ ಇಂಥ ನೀರು. ಆ ಭೂಮಿಯಲ್ಲಿ ನಮ್ಮ ಟೂಲು ಇಳಿಸಿದರೆ ಯಾವ ಗೆರೆ ಬರುತ್ತದೆ ಎಂದು ಲೆಕ್ಕ ಹಾಕುವುದು. ಕೇಬಲಣ್ಣನ ಗೆರೆಯ ಮೇಲೆ ಇಟ್ಟು ನೋಡುವುದು. ಕೂರಲಿಲ್ಲವಾ, ಭೂಮಿಯನ್ನು ಕೆಡವಿ ಮತ್ತೆ ಕಟ್ಟುವುದು. ದೇವರ ಕೆಲಸ, ಗುಮಾಸ್ತನ ಕುರ್ಚಿ.

ನಾಲ್ಕು ಮೀಟರಿನ ಮರಳುಗಲ್ಲು ಇಟ್ಟೆ. ಉಪ್ಪುನೀರು ತುಂಬಿದೆ. ಉಬ್ಬೇ ಇಲ್ಲ. ಕರೆಂಟನ್ನು ಅಷ್ಟಾಗಿ ಬಿಡದ ಸಿಹಿನೀರು ತುಂಬಿದೆ. ಗೆರೆಯ ಮೇಲೆ ಗೆರೆ ಕೂತಿತು, ಒಂದರ ಅಡಿಯಲ್ಲಿ ಒಂದು ಕಾಣದ ಹಾಗೆ.

ಇದೆ. ಮೇಲೆ ಜೇಡಿ, ಕೆಳಗೆ ಎರಡೇ ಮೀಟರ್ ಜೇಡಿ, ಅದರ ಕೆಳಗೆ ಉಪ್ಪಿನ ಸಮುದ್ರ. ನಡುವೆ ಯಾರಿಗೂ ಹೇಳದೆ ಸಿಹಿನೀರು ಕೂತಿದೆ.

ಪ್ರಿಂಟ್ ತೆಗೆಯಲಿಲ್ಲ.

ಮಾರ್ಚ್ 10, ಭಾನುವಾರ. ಮಧ್ಯಾಹ್ನ

ಪುಟ್ಟಿಯ ಮೈಮೇಲೆಲ್ಲ ಗುಳ್ಳೆ ಎದ್ದಿದೆಯಂತೆ. ಡಾಕ್ಟರು ನೀರಿನ ದೋಷ ಎಂದರಂತೆ. ಮಗಳು ಕ್ಯಾನಿನ ನೀರಲ್ಲಿ ಸ್ನಾನ ಮಾಡಿಸುತ್ತಿದ್ದಾಳೆ.

ಆಮೇಲೆ ಅವಳೇ ಅಂದಳು, "ಸಾಕಾಗಿದೆ ರೀ. ಮಗೂನೂ ಕರ್ಕೊಂಡು ಸ್ವಲ್ಪ ದಿನ ಅಲ್ಲಿಗೆ ಬಂದ್ಬಿಡೋಣ ಅಂತಿದೀನಿ."

ನಿನ್ನಿಷ್ಟ ಎಂದೆ. ದನಿ ನೆಟ್ಟಗಿಟ್ಟುಕೊಂಡೇ ಹೇಳಿದೆ. ಫೋನ್ ಇಟ್ಟ ಮೇಲೆ ಏನು ಮಾಡುವುದೆಂದು ತಿಳಿಯದೆ ಬೀರು ತೆರೆದು ಅವಳ ಕಡೆಯ ಗೂಡಿನಲ್ಲಿ ತುರುಕಿದ್ದ ನನ್ನ ಷರ್ಟುಗಳನ್ನೆಲ್ಲ ಹೊರಗೆಳೆದೆ. ಕಿಟಕಿ ಒರೆಸಿದೆ. ಸ್ನಾನದ ಮನೆಯಲ್ಲಿ ಎರಡನೆಯ ಬಕೆಟ್ಟಿನ ತಳದಲ್ಲಿ ಜೇಡ ಸಂಸಾರ ಹೂಡಿತ್ತು, ಅದನ್ನೂ ಒಕ್ಕಲೆಬ್ಬಿಸಿದೆ. ಎದುರು ಮನೆಯವರು ಯಾರಾದರೂ ಬರುತ್ತಾರಾ ಎಂದು ಕೇಳಿದರು. ಹೌದು ಎಂದೆ. ಎಷ್ಟು ದಿನವಾಯಿತು ಆ ಪ್ರಶ್ನೆಗೆ ಹೌದು ಎಂದು.

ಮಾರ್ಚ್ 12, ಮಂಗಳವಾರ

ಸಾಹೇಬರು ವರದಿ ಕೇಳಿದರು. ನಾಳೆ ಎಂದೆ. ಉಬ್ಬಿನ ಮಾತು ಎತ್ತಲಿಲ್ಲ.

ಸುಮ್ಮನಿದ್ದರೆ ಸುಳ್ಳು ಹೇಳಿದ ಹಾಗೂ ಅಲ್ಲ. ಉಪ್ಪು ಅಂದವರು ಅವರು. ಆ ಉಬ್ಬು ಯಾರ ಕಣ್ಣಿಗೂ ಬೀಳುವುದಿಲ್ಲ. ಶುಕ್ರವಾರ ಸಿಮೆಂಟು. ಆಮೇಲೆ ಒಂದು ದಿನ ಅವಳು ಬಾಗಿಲಲ್ಲಿ, ಕೈಯಲ್ಲಿ ಚೀಲ, ಸೊಂಟದಲ್ಲಿ ಪುಟ್ಟಿ.

ಮಗುವಿನ ಗುಳ್ಳೆ... ಇಲ್ಲಿಗೆ ಬಂದರೆ ಮಾಯುತ್ತದೆ. ಆ ಊರಿನ ಬೇರೆ ಮಕ್ಕಳು ಎಲ್ಲಿಗೆ ಹೋಗಬೇಕು?

ಯೋಚಿಸಬಾರದಾಗಿತ್ತು.

ಮಾರ್ಚ್ 13, ಬುಧವಾರ. ಸಂಜೆ

ಹೇಳಿಬಿಟ್ಟೆ.

ಸಾಹೇಬರು ಮಾಡೆಲ್ ನೋಡಿದರು. ಮೆಚ್ಚಿಕೊಂಡ ಮುಖ ಮಾಡಿದರು, ಅದು ಒಪ್ಪದೇ ಇರುವ ಮುಖ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಸಿಹಿನೀರು ಕೂತ ಹಾಗೆ ಗಟ್ಟಿ ಸುಣ್ಣಕಲ್ಲಿನ ಪಟ್ಟಿಯೂ ಅಲ್ಲಿ ಕೂರುತ್ತದೆ. ಗಟ್ಟಿ ಕಲ್ಲಿನಲ್ಲಿ ನೀರೇ ಇರುವುದಿಲ್ಲ, ಕರೆಂಟು ಹರಿಯುವುದಿಲ್ಲ, ಗೆರೆಯಲ್ಲಿ ಇದೇ ಉಬ್ಬು.

"ನಿಮ್ದೂ ಕಥೆ, ನಂದೂ ಕಥೆ. ಎರಡೂ ಒಂದೇ ಗೆರೆಗೆ ಹೊಂದ್ಕೊಳತ್ತೆ. ನಿಮ್ ಕಥೆ ನಂಬಿ ನಾನು ಬಾವಿ ಉಳಿಸ್ಕೋಬೇಕಾ?"

ವಾಪಸು ಬಂದು ಕೂತೆ. ಸೋತು ಗೆದ್ದ ಹಾಗೆ ಅನ್ನಿಸಿತು. ಹೇಳುವುದು ಹೇಳಿದ್ದೇನೆ, ಅವರೇ ಬೇಡ ಎಂದರು, ಇನ್ನು ಅವಳು ಬರುತ್ತಾಳೆ. ಆರಾಮವಾಗಿ ಮನೆಗೆ ಹೋಗಬಹುದಾಗಿತ್ತು. ಕೈ ಸುಮ್ಮನಿರಬೇಕಲ್ಲ. ಬಾವಿಯ ಅಗಲ ಅಳೆದ ಗೆರೆ ತೆರೆಯಿತು. ಅದನ್ನು ಯಾರೂ ನೋಡುವುದಿಲ್ಲ. ಬಾವಿ ಎಲ್ಲಿ ಕುಸಿದಿದೆ ಎಂದು ತಿಳಿಯುವುದಕ್ಕಷ್ಟೇ ಇರುವುದು. ನಾನೂರ ಹನ್ನೆರಡರಲ್ಲಿ ಬಾವಿ ಅಗಲವಾಗುವ ಬದಲು ಕೂದಲೆಳೆಯಷ್ಟು ಕಿರಿದಾಗಿತ್ತು.

ಕೊರೆಯುವಾಗ ಬಾವಿಯಲ್ಲಿ ತುಂಬಿರುವ ಕೆಸರುನೀರು ಕಲ್ಲಿನೊಳಗೆ ಇಂಗಿದರೆ, ಕೆಸರು ಗೋಡೆಗೆ ಅಂಟಿಕೊಂಡು ಉಳಿಯುತ್ತದೆ. ಟೀ ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಪುಡಿಯ ಹಾಗೆ. ಗಟ್ಟಿ ಕಲ್ಲಾಗಿದ್ದರೆ ಇಂಗುವುದೂ ಇಲ್ಲ, ಅಂಟುವುದೂ ಇಲ್ಲ.

ಸಾಹೇಬರು ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದರು. ಬಾಗಿಲಲ್ಲೇ ತೋರಿಸಿದೆ. ನಿಂತು ನೋಡಿದರು. ಬ್ಯಾಗು ಕೆಳಗಿಟ್ಟು ಮತ್ತೆ ನೋಡಿದರು. ಸಿಮೆಂಟಿನ ಲಾರಿಗೆ ಬೇಡ ಎಂದು ಫೋನ್ ಮಾಡಿದರು.

ಬಸ್ಸು ಹತ್ತುವ ಬದಲು ನಡೆದುಕೊಂಡೇ ಮನೆಗೆ ಬಂದೆ.

ಮಾರ್ಚ್ 20, ಬುಧವಾರ. ಸಂಜೆ

ಬಾವಿಗೆ ಕಬ್ಬಿಣದ ಕೊಳವೆ ಇಳಿಸಿ, ಸುತ್ತ ಸಿಮೆಂಟು ತುಂಬಿ ಆಯಿತು. ರಿಗ್ಗು ಬೇರೆ ಊರಿಗೆ ಹೋಯಿತು. ಇನ್ನು ಗುಂಡಿನವನು ಬಂದು, ಕೊಳವೆಯೊಳಗೆ ಬಂದೂಕು ಇಳಿಸಿ, ನಾನು ಹೇಳಿದ ಆಳದಲ್ಲಿ ಹೊಡೆದು ತೂತು ಮಾಡಬೇಕು. ತೂತಿನಿಂದ ನೀರು ಒಳಗೆ ಬರುತ್ತದೆ. ಅವನ ಸರದಿ ಬರುವುದು ಮುಂದಿನ ತಿಂಗಳು.

ಕೇಬಲಣ್ಣ ಗಂಟುಮೂಟೆ ಕಟ್ಟುತ್ತಾ ಫೋನ್ ಮಾಡಿದ್ದ. "ಸರ್, ನಮ್ ಸೊನ್ನೆ ಲಾರಿ ಹತ್ಕೊಂಡ್ ಹೋಯ್ತು," ಅಂದ. ಪ್ರತಿ ಸಲ ಹೇಳುತ್ತಾನೆ, ಪ್ರತಿ ಸಲ ತಾನೇ ನಗುತ್ತಾನೆ. ನಾವು ಆಳ ಅಳೆಯುವುದು ರಿಗ್ಗಿನ ಮೇಲೆ ಕೆಲಸದವರು ನಿಲ್ಲುವ ಕಬ್ಬಿಣದ ನೆಲದಿಂದ. ಅದು ಮಣ್ಣಿನಿಂದ ಐದೂವರೆ ಮೀಟರ್ ಮೇಲೆ. ರಿಗ್ಗು ಹೊರಟುಹೋದ ಮೇಲೆ ಆ ಸೊನ್ನೆ ಬರೀ ಗಾಳಿಯಲ್ಲಿ. ಲೆಕ್ಕವೆಲ್ಲ ಮಾತ್ರ ಅಲ್ಲಿಂದಲೇ.

ಫೋನ್ ಇಟ್ಟ ಮೇಲೆ ನಗು ಬರಲಿಲ್ಲ. ನಾನೂ ಅಷ್ಟೇ. ಎರಡು ಲೋಟ ತೊಳೆದಿಡುತ್ತೇನೆ. ಹಾಸಿಗೆಯ ಒಂದೇ ಪಕ್ಕದಲ್ಲಿ ಮಲಗುತ್ತೇನೆ. ಇಲ್ಲಿ ಈಗ ಇಲ್ಲದ ಜಾಗದಿಂದ ಎಲ್ಲವನ್ನೂ ಅಳೆಯುತ್ತೇನೆ.

ಮಾರ್ಚ್ 22, ಶುಕ್ರವಾರ

ಗೊತ್ತಿದ್ದದ್ದೇ ಆಯಿತು. ಮೈದಾನದ ಬೋರಿನಲ್ಲಿ ಸಿಹಿನೀರು ಸಿಗುವ ಹಾಗಿದೆಯಂತೆ, ಊರೆಲ್ಲ ಅದೇ ಮಾತಂತೆ.

"ಹಾಗಾದ್ರೆ ಪುಟ್ಟೀನ ಯಾಕೆ ಅಷ್ಟು ದೂರ ಎಳ್ಕೊಂಡ್ ಬರ್ಲಿ? ಸ್ವಲ್ಪ ದಿನ ನೋಡ್ತೀನಿ," ಅಂದಳು.

ಒಳ್ಳೆಯದೇ ಆಯಿತಲ್ಲ ಎಂದೆ. ನನ್ನ ಕಾಲಿಗೆ ನಾನೇ ಕೊಡಲಿ ಹಾಕಿಕೊಂಡು, ಪೆಟ್ಟಾಯಿತಾ ಎಂದು ಕೇಳಿದವರಿಗೆ ಇಲ್ಲ ಅನ್ನುತ್ತಿದ್ದೇನೆ.

ಷರ್ಟುಗಳನ್ನು ಅವಳ ಗೂಡಿಗೆ ವಾಪಸು ತುರುಕಿದೆ.

ಏಪ್ರಿಲ್ 3, ಬುಧವಾರ. ಆಫೀಸು

ಗುಂಡಿನವನ ಫೋನ್. ಅವನನ್ನು ನೋಡಿಲ್ಲ, ಮಾತಿನಿಂದ ಚುರುಕಿನ ಹುಡುಗ. ಭಾನುವಾರ ಹೊಡೆಯುತ್ತಾನಂತೆ. ಅವನ ಗಾಮಾ ಟೂಲು ಕೆಟ್ಟು ಕೂತಿದೆ. ಅದಿದ್ದರೆ ನಮ್ಮ ಗೆರೆಗೆ ಹೊಂದಿಸಿಕೊಂಡು ಹೊಡೆಯುತ್ತಿದ್ದ. ಈಗ ಕೇಬಲ್ ಅಳತೆಯೇ ಗತಿ. ಆಳ ಕೇಳಿದ.

"ನಾನೂರ ಹನ್ನೆರಡರಿಂದ ಹದಿನೈದು. ನೆಲದಿಂದ," ಎಂದೆ.

"ನೆಲದಿಂದ. ಆಯ್ತು ಸರ್."

ಹಿಂದೆಯೇ ಸಾಹೇಬರು ಇನ್ನೊಂದು ಬಾವಿಯ ಲಾಗ್ ತಂದು ಮೇಜಿನ ಮೇಲೆ ಹರಡಿದರು. ಪೂರ್ತಿ ಜೇಡಿ. ಮನಸ್ಸಿಗೆ ಹಿಡಿಸಿತು.

ಏಪ್ರಿಲ್ 7, ಭಾನುವಾರ. ಮಧ್ಯಾಹ್ನ

ಬೆಳಿಗ್ಗೆ ಬಕೆಟ್ಟು, ಬಟ್ಟೆ ಹಿಡಿದು ನೆಲ ಒರೆಸುತ್ತಿದ್ದೆ. ಅವಳ ಫೋನ್. ಸ್ಪೀಕರಿಗೆ ಹಾಕಿ ಕಿಟಕಿಯ ಮೇಲಿಟ್ಟೆ. ಊಟ, ಮಾತ್ರೆ, ಗ್ಯಾಸ್. ಆಮೇಲೆ, "ನೆಲ ಒರೆಸಿದ್ರಾ?"

ಒರೆಸುತ್ತಿದ್ದೇನೆ ಎಂದೆ.

"ನೀರು ಜಾಸ್ತಿ ಸುರೀಬೇಡಿ. ಕೆಳಗಿನ ಮನೆಯವರ ತಲೆ ಮೇಲೆ ಸೋರತ್ತೆ."

ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು. ನಮ್ಮದು ಎರಡನೆಯ ಮಹಡಿ. ನಾನು ಒರೆಸುತ್ತಿರುವ ನೆಲದ ಕೆಳಗೆ ಎರಡು ಸಂಸಾರಗಳಿವೆ. ನೆಲ ಎನ್ನುತ್ತೇವೆ. ಇದು ನೆಲವಲ್ಲ. ನೆಲ ಕೆಳಗೆ, ಬೀದಿಯಲ್ಲಿದೆ.

ನೆಲದಿಂದ. ಆಯ್ತು ಸರ್.

ನನ್ನ ಬಾಯಲ್ಲಿ ನೆಲವೆಂದರೆ ರಿಗ್ಗಿನ ನೆಲ. ಕೇಬಲಣ್ಣನಿಗೂ ಅಷ್ಟೇ. ಆ ಹುಡುಗ ರಿಗ್ಗೇ ನೋಡಿಲ್ಲ, ಅದು ಹೋದ ಮೇಲೆ ಬಂದವನು. ಅವನಿಗೆ ನೆಲವೆಂದರೆ ಮಣ್ಣು. ಮಣ್ಣಿನಿಂದ ಅಳೆದು ಹೊಡೆದರೆ ಐದೂವರೆ ಮೀಟರ್ ಕೆಳಗೆ ಬೀಳುತ್ತದೆ. ಸಿಹಿನೀರನ್ನು ದಾಟಿ, ಜೇಡಿಯನ್ನು ದಾಟಿ, ನೇರ ಉಪ್ಪಿಗೆ. ಆ ಬಾವಿ ಮುಗಿದ ಹಾಗೆಯೇ.

ಅವಳಿಗೆ ಒಂದು ನಿಮಿಷ ಎಂದು ಹೇಳಿ ಗುಂಡಿನವನಿಗೆ ಮಾಡಿದೆ. ಸ್ವಿಚ್ ಆಫ್. ಆಗಿಯೇ ಇರುತ್ತದೆ, ಮದ್ದು ತುಂಬುವಾಗ ಸುತ್ತಮುತ್ತ ಒಂದು ಫೋನೂ ಚಾಲೂ ಇರಬಾರದು. ಸಾಹೇಬರಿಗೆ ಮಾಡಿದರೂ ಅವರೇನು ಹಾರಿಹೋಗುತ್ತಾರಾ? ಆ ಊರಿನಲ್ಲಿ, ಆ ಮೈದಾನದ ಪಕ್ಕದಲ್ಲಿ ನನ್ನವರು ಅಂತ ಇರುವುದು ಒಬ್ಬಳೇ.

ಮತ್ತೆ ಅವಳಿಗೆ ಮಾಡಿದೆ. ಮೈದಾನಕ್ಕೆ ಓಡು ಎಂದೆ. ಬೋರಿನ ಹತ್ತಿರ ಲಾರಿ ನಿಂತಿರುತ್ತದೆ, ಹಗ್ಗ ಕಟ್ಟಿರುತ್ತಾರೆ, ಫೋನ್ ಮನೆಯಲ್ಲೇ ಬಿಟ್ಟು ಹೋಗು, ಹಗ್ಗದ ಈಚೆ ನಿಂತು ಕೂಗಿ ನಿಲ್ಲಿಸು.

"ಏನಂತ ಹೇಳ್ಲಿ?"

"ನೆಲ ಅಂದ್ರೆ ನೆಲ ಅಲ್ಲ ಅಂತ ಹೇಳು."

"ಇದೇನ್ರೀ ಒಗಟು?"

ಹೇಗೋ ಹೇಳಿದೆ. ನಮ್ಮ ಮನೆಯ ನೆಲ ಬೇರೆ, ಬೀದಿಯ ನೆಲ ಬೇರೆ. ನಾನು ಅಳೆದದ್ದು ಮನೆಯ ನೆಲದಿಂದ. ಅವನು ಅಳೆಯುತ್ತಿರುವುದು ಬೀದಿಯಿಂದ. ಐದೂವರೆ ಮೀಟರ್ ಮೇಲೆ ಹೊಡೆಯಬೇಕು. ಕೆಳಗೆ ಅಲ್ಲ, ಮೇಲೆ.

ಸಾಹೇಬರಿಗಾದರೆ ಚಿತ್ರ ಬರೆದು ತೋರಿಸಬೇಕಿತ್ತು. ಇವಳಿಗೆ ತಕ್ಷಣ ತಿಳಿಯಿತು. ಐದೂವರೆ, ಮೇಲೆ, ಎಂದು ಎರಡು ಸಲ ಹೇಳಿಕೊಂಡಳು.

"ಈ ಬೋರು ನಿಮ್ದಾ? ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

ಮೊದಲು ಓಡು ಎಂದೆ. ಚಪ್ಪಲಿಯ ಸದ್ದು. ಬಾಗಿಲು. ಆಮೇಲೆ ಪುಟ್ಟಿ ಅಳುವುದು ಕೇಳಿಸಿತು, ಫೋನ್ ಕಟ್ ಮಾಡಿರಲಿಲ್ಲ. ಆ ಅಳು ಕೇಳುತ್ತಾ ಒದ್ದೆ ನೆಲದ ಮೇಲೆ ಕೂತೆ. ಮಗಳು ಬಂದು ಎತ್ತಿಕೊಂಡಳೆಂದು ಕಾಣುತ್ತದೆ, ಅಳು ನಿಂತಿತು.

ಅಷ್ಟು ವರ್ಷದ ಅನುಭವ ನನಗೆ. ಯಾವ ನೆಲ ಎಂದು ಒಂದು ಮಾತು ಸೇರಿಸುವುದಕ್ಕೆ ಏನಾಗಿತ್ತು? ನಾಲಿಗೆ ತಪ್ಪಿತೋ, ತಪ್ಪಲಿ ಎಂದು ಒಳಗೆ ಯಾರೋ ಕಾಯುತ್ತಿದ್ದರೋ. ಗೊತ್ತಿಲ್ಲ. ನಿಜಕ್ಕೂ ಗೊತ್ತಿಲ್ಲ.

ಅದೇ ದಿನ. ಸಂಜೆ

ಸಿಕ್ಕಿದನಂತೆ. ಬಂದೂಕು ಬಾವಿಯ ಬಾಯಲ್ಲಿ ತೂಗುತ್ತಿತ್ತಂತೆ, ಇನ್ನೇನು ಇಳಿಸಬೇಕು. ಇವಳು ಹಗ್ಗ ಹಿಡಿದುಕೊಂಡು ಕೂಗಿದಳಂತೆ. ಯಾರಮ್ಮಾ ನೀವು ಎಂದು ಕೇಳಿದರೆ, ಲಾಗ್ ಓದೋರ ಹೆಂಡತಿ ಅಂದಳಂತೆ. ಹುಡುಗ ಮೊದಲು ನಕ್ಕು, ಆಮೇಲೆ ಲಾಗಿನ ಕಾಗದ ತೆಗೆದು, ಸೊನ್ನೆ ಎಲ್ಲಿದೆಯೆಂದು ನೋಡಿ ಬೆವರಿದನಂತೆ.

ಲಾಗ್ ಓದೋರ ಹೆಂಡತಿ. ಅವಳು ಹೇಳಿದ್ದನ್ನೆಲ್ಲ ಬಿಟ್ಟು ಅದೊಂದನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದೇನೆ. ಯಾಕೆ ಹೇಳಲಿಲ್ಲ ಎಂದು ಎರಡನೆಯ ಸಲ ಅವಳು ಕೇಳಲಿಲ್ಲ.

ಏಪ್ರಿಲ್ 12, ಶುಕ್ರವಾರ

ಮೊದಲು ಕೆಸರು, ಆಮೇಲೆ ಕದಡು, ಇವತ್ತು ತಿಳಿ. ಸಿಹಿ.

ಸಾಹೇಬರು ಕೈಕುಲುಕಿದರು. ಕ್ಯಾಂಟೀನಿನಲ್ಲಿ ಬಿಸ್ಕತ್ತು ಹಂಚಿದರು. ಅವಳ ಫೋನ್ — ಕಾಳು ಬೆಂದಿತಂತೆ, ಬೆಣ್ಣೆಯ ಹಾಗೆ. ಪುಟ್ಟಿಯ ಗುಳ್ಳೆ ಒಣಗುತ್ತಿದೆ. ಊರಿನವರು ಕೊಡ ಹಿಡಿದು ಸಾಲು ನಿಂತಿದ್ದಾರೆ, ಜಗಳವೂ ಶುರುವಾಗಿದೆ. ಜಗಳ ಶುರುವಾಯಿತು ಎಂದರೆ ನೀರು ಚೆನ್ನಾಗಿದೆ ಅಂತ ಅರ್ಥ.

ನನಗೆ ಹೆಮ್ಮೆಯಾಯಿತು. ಸುಳ್ಳು ಹೇಳುವುದೇಕೆ, ಬಹಳ ಹೆಮ್ಮೆಯಾಯಿತು. ಅದನ್ನು ಇಟ್ಟುಕೊಳ್ಳುವುದಕ್ಕೆ ಮನೆಯಲ್ಲಿ ಜಾಗ ಮಾತ್ರ ಸಿಗಲಿಲ್ಲ. ಎದುರು ಮನೆಯ ಬಾಗಿಲು ತಟ್ಟೋಣವೆಂದು ಹೋಗಿ, ಏನು ಹೇಳುವುದೆಂದು ತೋಚದೆ, ವಾಪಸು ಬಂದೆ.

ಮೇ 5, ಭಾನುವಾರ. ಸಂಜೆ

ಬರೆಯದೆ ಎಷ್ಟೋ ದಿನವಾಯಿತು. ಬರೆಯುವುದಕ್ಕೆ ಏನಿತ್ತು? ಜೇಡಿ, ಜೇಡಿ, ಜೇಡಿ.

ನಿನ್ನೆ ಕೇಬಲಣ್ಣ ಆ ಕಡೆಯಿಂದ ಬಂದವನು ಆಫೀಸಿಗೆ ಒಂದು ಬಾಟಲಿ ತಂದುಕೊಟ್ಟ. ಮೇಡಂ ಕೊಟ್ಟದ್ದು ಎಂದ. ಆ ಬೋರಿನ ನೀರು. ಮೇಲೆ ಚೀಟಿ, ಅವಳ ಕೈಬರಹ: "ಬೀದಿಯ ನೆಲದಿಂದ ಅಲ್ಲ." ಕೇಬಲಣ್ಣ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ.

ಮನೆಗೆ ತಂದು ಎರಡೂ ಲೋಟಕ್ಕೆ ಬಗ್ಗಿಸಿದೆ. ಒಂದು ಕುಡಿದೆ. ಕಾಣದೆಯೇ ಇದೆ ಎಂದು ನಾನು ಹಟ ಹಿಡಿದಿದ್ದ ನೀರು. ರುಚಿ ಏನೂ ಇಲ್ಲ, ನೀರಿನ ರುಚಿಯೇ. ಇನ್ನೊಂದು ಲೋಟ ಮೇಜಿನ ಮೇಲೆಯೇ ಇದೆ.

ಮೇ 9, ಗುರುವಾರ. ಸಂಜೆ

ಊಟ, ಮಾತ್ರೆ, ಗ್ಯಾಸ್. ಕಾಳು ಚೆನ್ನಾಗಿ ಬೇಯುತ್ತಿದೆಯಾ ಎಂದು ನಾನು ಕೇಳಿದೆ.

"ಮುಂಚೆ ಬೇಯಲ್ಲ ಅಂದಾ‌ಗ ನಿಮ್ ದನಿ ಗೆಲುವಾಗಿತ್ತು. ಈಗ ಬೇಯತ್ತೆ ಅಂದ್ರೆ ಸಪ್ಪಗಾಗತ್ತೆ. ಉಪ್ಪುನೀರಿಗೆ ಬೇಸತ್ತು ಬರ್ತಾಳೆ ಅಂತ ಕಾಯ್ತಿದ್ರಿ ಅಲ್ವಾ?"

ನಾನು ಕಲ್ಲಿನ ಪದರ ಓದುತ್ತಾ ಕೂತಿದ್ದರೆ, ಅವಳು ಅಲ್ಲಿಂದ ನನ್ನನ್ನೇ ಓದಿಬಿಟ್ಟಿದ್ದಾಳೆ. ಹೌದು ಎಂದೆ. ಜೊತೆಗೆ, ನಿನಗೆ ಬರುವ ಮನಸ್ಸಿಲ್ಲ ಅಂತ ನನಗೂ ಗೊತ್ತು ಎಂದೆ.

"ಏನ್ ಗೊತ್ತು ನಿಮಗೆ? ಎಲ್ಲಾ ನೀವೇ ಊಹೆ ಮಾಡ್ಕೊಂಡ್ ಕೂತ್ರಿ. ಯಾವಾಗ ಬರ್ತೀಯಾ ಅಂತ ಕೇಳಿದ್ರಿ. ನಿನ್ನಿಷ್ಟ ಅಂದ್ರಿ. ಇಷ್ಟು ದಿನದಲ್ಲಿ ಒಂದ್ ಸಲನಾದ್ರೂ ಬಾ ಅಂದ್ರಾ?"

ಅಂದಿದ್ದೇನೆ ಎನ್ನಲು ಬಾಯಿ ತೆರೆದೆ. ಯಾವಾಗ ಎಂದು ನೆನಪು ಮಾಡಿಕೊಳ್ಳತೊಡಗಿದೆ. ಹೋದ ಚಳಿಗಾಲ, ಅದಕ್ಕೂ ಹಿಂದೆ, ಪುಟ್ಟಿ ಹುಟ್ಟಿದ ವಾರ... ಸಿಗಲಿಲ್ಲ. ಅವಳು ಮಗು ಎದ್ದಿತು ಎಂದು ಫೋನ್ ಇಟ್ಟಳು.

ಮಗುವಿನ ಸದ್ದು ನನಗೆ ಕೇಳಿಸಲಿಲ್ಲ.

ಮೇ 10, ಶುಕ್ರವಾರ. ಸಂಜೆ

ಆಫೀಸಿನಿಂದ ಬೇಗ ಬಂದೆ. ಯಾಕೆ ಎಂದು ಸಾಹೇಬರು ಕೇಳಿದರು, ಮನೆಯಲ್ಲಿ ಕೆಲಸವಿದೆ ಎಂದೆ. ಹಾಲು ಕಾಯಿಸಿದೆ, ಉಕ್ಕಲಿಲ್ಲ. ನೆಲ ಒರೆಸಿದೆ, ನೀರು ಕಡಿಮೆ ಹಾಕಿ.

ಬಾಯಲ್ಲಿ ಹೇಳಿ ನೋಡಿಕೊಂಡೆ, ಖಾಲಿ ಅಡುಗೆಮನೆಗೆ. ವಿಚಿತ್ರವಾಗಿ ಕೇಳಿಸಿತು. ಕನ್ನಡದಲ್ಲಿ ಇದಕ್ಕಿಂತ ಸಣ್ಣ ಮಾತು ಇರಲಾರದು, ಒಂದೇ ಅಕ್ಷರ. ನಾನೂರು ಮೀಟರ್ ಕೆಳಗಿನದ್ದನ್ನು ತೆಗೆದೆ, ಇದು ಗಂಟಲಿನಿಂದ ಬರುವುದಿಲ್ಲ. ಒತ್ತಾಯ ಮಾಡಿದ ಹಾಗಾಗುತ್ತದೆ, ಅವಳಿಗೆ ಅಲ್ಲೇ ಹಿತವಿರಬಹುದು, ಮಗಳಿಗೆ ಕಷ್ಟವಾಗಬಹುದು... ಮತ್ತೆ ಸುಳ್ಳು ಭೂಮಿ ಕಟ್ಟುತ್ತಿದ್ದೇನೆ. ಬರುವುದಿಲ್ಲ ಎಂದರೆ ಎನ್ನಲಿ. ಅದು ಅವಳ ಬಾಯಿಂದ ಬರಲಿ, ನನ್ನ ಮಾಡೆಲಿನಿಂದ ಬೇಡ.

ಎಡಗೈಯಲ್ಲಿ ಫೋನ್. ರಿಂಗಾಗುತ್ತಿದೆ. ಇನ್ನೂ ಆಗುತ್ತಿದೆ.

ಎತ್ತಿದಳು. ಊಟ ಆಯಿತಾ ಅನ್ನುತ್ತಿದ್ದಾಳೆ. ಇಲ್ಲ, ಇವತ್ತು ಮೊದಲು ನಾನು —